ಮುಳ್ಳಯ್ಯನಗಿರಿಯ ಮೇಲೆ ನಾಲ್ಕು ನಿಮಿಷ

ಚಿಕ್ಕಮಗಳೂರಿಗೆ ರಜೆಗೆ ಬಂದಾಗಲೆಲ್ಲ ನೆಂಟರು ಪೈಲಟ್ ಆದ ನನ್ನನ್ನು ಕೇಳುವುದು ಎಂಜಿನ್ ಕೆಟ್ಟರೆ ಏನು ಮಾಡುತ್ತೀರಿ ಎಂದು. ಗಾಳಿ ಕೆಟ್ಟರೆ ಎಂದು ಯಾರೂ ಕೇಳುವುದಿಲ್ಲ. ವಿಮಾನ ಎಷ್ಟೇ ಮೇಲಿರಲಿ, ಒಳಗಿನ ಗಾಳಿ 8,000 ಅಡಿ ಬೆಟ್ಟದ ಮೇಲಿನ ಗಾಳಿಗಿಂತ ತೆಳುವಾಗದಂತೆ ಯಂತ್ರ ಕಾಯುತ್ತಿರುತ್ತದೆ. ಮುಳ್ಳಯ್ಯನಗಿರಿಯ ತುದಿಯೇ ಸುಮಾರು 6,300 ಅಡಿ. ನನಗೆ ಕೈಕೊಟ್ಟದ್ದು ಆ ಯಂತ್ರ.

ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟ ಬೋಯಿಂಗ್ 737. ನಾನು ಸಹ ಪೈಲಟ್, ಹಾರಿಸುವ ಸರದಿಯೂ ನನ್ನದೇ. 31,000 ಅಡಿ ದಾಟುತ್ತಿದ್ದೆವು; ಕೆಳಗೆ ಬಾಬಾಬುಡನ್‌ಗಿರಿಯ ಸಾಲು ನಿಚ್ಚಳವಾಗಿ ಕಾಣುತ್ತಿತ್ತು. ಘಟ್ಟದ ಬಸ್ಸಿನಲ್ಲಿ ಆಗುವಂತೆ ಕಿವಿ ಕಟ್ಟಿತು. ಸ್ವಲ್ಪ ಹೊತ್ತಿಗೆ ಹಾರ್ನ್ ಹೊಡೆದುಕೊಳ್ಳತೊಡಗಿತು.

ಈ ಹಾರ್ನ್ ಬಗ್ಗೆ ಒಂದು ಮಾತು. ನೆಲದ ಮೇಲೆ ಇದು ಮೊಳಗಿದರೆ ಟೇಕಾಫ್‌ಗೆ ವಿಮಾನ ಸಜ್ಜಾಗಿಲ್ಲ ಎಂದರ್ಥ. ಆಕಾಶದಲ್ಲಿ ಅದೇ ಸದ್ದಿಗೆ ಒಳಗಿನ ಗಾಳಿ 10,000 ಅಡಿಯ ಮಟ್ಟಕ್ಕೆ ತೆಳುವಾಗಿದೆ ಎಂದರ್ಥ. 2005ರಲ್ಲಿ ಸೈಪ್ರಸ್‌ನ ಹೀಲಿಯೋಸ್ ವಿಮಾನದ ಪೈಲಟ್‌ಗಳು ಎರಡನೆಯದನ್ನು ಮೊದಲನೆಯದೆಂದು ತಿಳಿದು ತಲೆ ಕೆಡಿಸಿಕೊಳ್ಳುತ್ತಲೇ ಪ್ರಜ್ಞೆ ತಪ್ಪಿದರು. 121 ಜನ ಸತ್ತರು. 31,000 ಅಡಿಯ ತೆಳು ಗಾಳಿಯಲ್ಲಿ ನೆಟ್ಟಗೆ ಯೋಚಿಸಲು ಸಿಗುವುದು ಒಂದೆರಡು ನಿಮಿಷ ಮಾತ್ರ. ಹಾಗಾಗಿ ಸದ್ದಿನ ಕಾರಣ ಹುಡುಕುವ ಕೆಲಸ ಆಮೇಲೆ, ಮಾಸ್ಕ್ ಮೊದಲು.

ಮಾಸ್ಕ್ ಪಕ್ಕದ ಪೆಟ್ಟಿಗೆಯಲ್ಲಿರುತ್ತದೆ. ಕೆಂಪು ಹಿಡಿಗಳನ್ನು ಅದುಮಿ ಎಳೆದರೆ ಪಟ್ಟಿಗಳು ಉಬ್ಬುತ್ತವೆ. ತಲೆಗೆ ಹಾಕಿ ಬಿಟ್ಟೊಡನೆ ಬಿಗಿದುಕೊಳ್ಳುತ್ತವೆ. ನನ್ನ ಕನ್ನಡಕ ಓರೆಯಾಗಿ ಒಂದು ಕಿವಿಯಿಂದ ಜೋತಾಡುತ್ತಿತ್ತು. ಸಿಮ್ಯುಲೇಟರಿನಲ್ಲಿ ಎಷ್ಟು ಸಲ ಮಾಡಿದ್ದರೂ ಒಂದಕ್ಕೆ ಮನಸ್ಸು ಸಿದ್ಧವಿರಲಿಲ್ಲ: ಉಸಿರಿನ ಸದ್ದು. ಮಾಸ್ಕಿನೊಳಗಿನ ಮೈಕ್ ಇಬ್ಬರ ಉಸಿರನ್ನೂ ತಿದಿ ಒತ್ತಿದಂತೆ ಸ್ಪೀಕರಿಗೆ ತುಂಬುತ್ತದೆ. ಒಬ್ಬರು ಉಸಿರು ಬಿಟ್ಟ ಮೇಲೆ ಇನ್ನೊಬ್ಬರು ಮಾತಾಡಬೇಕು. ಅದರಿಂದ ನಾವು ತಾನಾಗಿ ನಿಧಾನವಾದೆವು, ಅದು ಒಳ್ಳೆಯದೇ ಆಯಿತು.

ಕ್ಯಾಪ್ಟನ್ ಗಾಳಿ ಹೊರಬಿಡುವ ಕವಾಟವನ್ನು ಸ್ವಿಚ್ಚಿನಿಂದ ತಾವೇ ಮುಚ್ಚಲು ನೋಡಿದರು. ಮುಳ್ಳು ಕದಲಲಿಲ್ಲ. ಪ್ರಯಾಣಿಕರ ಆಮ್ಲಜನಕದ ಸ್ವಿಚ್ ಹಾಕಿ, ರೇಡಿಯೋದಲ್ಲಿ ಮೇಡೇ ಎಂಬ ತುರ್ತು ಕರೆ ಹೇಳಿ, ಚೆಕ್‌ಲಿಸ್ಟ್ ಓದಿದರು. ನಾನು ಎಂಜಿನ್ ಶಕ್ತಿ ತಗ್ಗಿಸಿ, ಗಾಳಿಗೆ ತಡೆಯೊಡ್ಡುವ ಸ್ಪೀಡ್‌ಬ್ರೇಕ್ ಎಳೆದು ಮೂತಿ ಇಳಿಸಿದೆ. ಇಳಿಯಬೇಕಾದದ್ದು ಮಾಸ್ಕಿಲ್ಲದೆ ಉಸಿರಾಡಬಹುದಾದ 10,000 ಅಡಿಗೆ. ಹಿಮಾಲಯದ ಮೇಲಾಗಿದ್ದರೆ ಅಷ್ಟು ಇಳಿಯುವಂತಿಲ್ಲ. ಇಲ್ಲಿ ಕರ್ನಾಟಕದ ಅತಿ ಎತ್ತರದ ಶಿಖರವೂ ನಮಗಿಂತ ಮೂರೂವರೆ ಸಾವಿರ ಅಡಿ ಕೆಳಗೇ ಉಳಿಯುತ್ತದೆ.

ನಾಲ್ಕು ನಿಮಿಷ ಹಿಡಿಯಿತು. ಮಾಸ್ಕ್ ತೆಗೆದಾಗ ಅಷ್ಟು ಹೊತ್ತೂ ಇಂಗ್ಲಿಷಿನಲ್ಲೇ ಮಾತಾಡಿದ್ದ ಮಂಗಳೂರಿನ ಕ್ಯಾಪ್ಟನ್, "ಕಿವಿ ಸರಿ ಇದೆಯಾ ಮಾರಾಯ?" ಎಂದರು.

ಹಿಂದೆ, ಪ್ರಯಾಣಿಕರ ಕಡೆ, ಕಥೆ ಬೇರೆಯೇ ಇತ್ತು. ಪ್ರಯಾಣಿಕರ ಆಮ್ಲಜನಕ ಸಿಲಿಂಡರಿನದಲ್ಲ. ತಲೆಯ ಮೇಲಿನ ಡಬ್ಬಿಯಲ್ಲಿ ರಾಸಾಯನಿಕ ಉರಿದು ಹುಟ್ಟುವಂಥದ್ದು, ಹನ್ನೆರಡು ನಿಮಿಷದಷ್ಟು ಬರುತ್ತದೆ. ಡಬ್ಬಿ ಕಾದು ಸುಟ್ಟ ವಾಸನೆ ಬಂದಾಗ ಯಾರೋ ಬೆಂಕಿ ಎಂದು ಕೂಗಿದ್ದರಂತೆ. ಗಗನಸಖಿಯರು ತಮ್ಮ ಮಾಸ್ಕಿನೊಳಗಿಂದಲೇ ಕೈಸನ್ನೆ ಮಾಡಿ ಕೂರಿಸಿದ್ದರು. ಸುರಕ್ಷತಾ ಸೂಚನೆಯಲ್ಲಿ ಆ ವಾಸನೆಯ ಬಗ್ಗೆ ಒಂದು ಸಾಲು ಸೇರಿಸಬಾರದೇಕೆ ಎಂದು ನನಗೆ ಈಗಲೂ ಅನಿಸುತ್ತದೆ.

ಬೆಂಗಳೂರಿಗೆ ಮರಳಿ ಇಳಿದೆವು. ಸಂಜೆ ಅಪ್ಪನ ಫೋನ್ ಬಂತು: "ಬೆಳಿಗ್ಗೆ ಒಂದು ವಿಮಾನ ತೀರಾ ಕೆಳಗೆ ಹೋಯಿತಪ್ಪ. ಕಣದಲ್ಲಿ ಕಾಫಿ ಹರಡುತ್ತಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತಾ ನಿಂತರು. ನಿಮ್ಮವರಿಗೆ ಹೇಳು, ಸ್ವಲ್ಪ ಮೇಲೆ ಹೋಗಲಿ."

ಹೇಳುತ್ತೇನೆ ಎಂದೆ.