ಪ್ರವಾಸ ವಿಮೆ ಕೈಯಲ್ಲಿದೆ ಅಂತ ಹೊರಡುವ ಮುನ್ನ

ಟಿಕೆಟ್ ಬುಕ್ ಮಾಡುವಾಗಲೇ ವಿಮೆಯನ್ನೂ ಕೊಳ್ಳುತ್ತೇವೆ. ವೀಸಾಕ್ಕೆ ಬೇಕೇ ಬೇಕು ಅಂದಿರುತ್ತಾರೆ. ಐದು ನಿಮಿಷದಲ್ಲಿ ಪಿಡಿಎಫ್ ಮೇಲ್‌ಗೆ ಬರುತ್ತದೆ. ಮೊದಲ ಪುಟದಲ್ಲಿ ಒಂದು ದೊಡ್ಡ ಮೊತ್ತ ಕಾಣುತ್ತದೆ. ಸದ್ಯ, ಒಂದು ಚಿಂತೆ ಕಳೆಯಿತು ಅಂದುಕೊಂಡು ಫೈಲು ಮುಚ್ಚುತ್ತೇವೆ. ಅದನ್ನು ಎರಡನೇ ಸಲ ತೆರೆಯುವುದು ಗೊತ್ತಿಲ್ಲದ ದೇಶದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು. ಆಗ ಓದಲು ಸಮಯವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ.

ವಿಮೆ ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ. ಬೇಕೇ ಬೇಕು. ಆದರೆ ಪಾಲಿಸಿ ನಮಗೆ ಕೊಡುವ ಮಾತು ಇಷ್ಟೇ: ಈ ಷರತ್ತುಗಳೆಲ್ಲ ಸರಿಹೊಂದಿದರೆ, ನಿಮಗಾದ ಖರ್ಚಿನಲ್ಲಿ ಇಷ್ಟನ್ನು ಕೊಡುತ್ತೇವೆ. ಆ ಷರತ್ತುಗಳು ಎಲ್ಲಿ ಕಾಲಿಗೆ ತೊಡರುತ್ತವೆ ಅಂತ ಮೊದಲೇ ನೋಡಿಕೊಂಡರೆ ಅರ್ಧ ಕಷ್ಟ ತಪ್ಪುತ್ತದೆ.

ಹಂತ 1: ಬ್ರೋಷರ್ ಬಿಡಿ, ಪೂರ್ತಿ ಪಾಲಿಸಿ ಓದಿ

ಎರಡು ಪುಟದ ಸರ್ಟಿಫಿಕೇಟ್ ಬೇರೆ, ನಲವತ್ತು ಐವತ್ತು ಪುಟದ ‘ಪಾಲಿಸಿ ವರ್ಡಿಂಗ್ಸ್’ ಬೇರೆ. ಕ್ಲೇಮ್ ಬಂದಾಗ ಕಂಪನಿಯವರು ನೋಡುವುದು ಎರಡನೆಯದನ್ನು. ಅಷ್ಟೂ ಓದಲು ಆಗದಿದ್ದರೆ ಹಿಂದಿನಿಂದ ಶುರು ಮಾಡಿ. ಮೊದಲು ‘ಎಕ್ಸ್‌ಕ್ಲೂಷನ್ಸ್’, ಅಂದರೆ ಯಾವುದಕ್ಕೆ ಹಣ ಕೊಡುವುದಿಲ್ಲ ಅನ್ನುವ ಪಟ್ಟಿ. ಆಮೇಲೆ ಪದಗಳ ಅರ್ಥ ಕೊಟ್ಟಿರುವ ‘ಡೆಫಿನಿಷನ್ಸ್’. ಕೊನೆಗೆ ಕ್ಲೇಮ್ ಮಾಡುವ ವಿಧಾನ.

ಆ ಡೆಫಿನಿಷನ್ಸ್ ಭಾಗವನ್ನು ಬಿಡಲೇಬೇಡಿ. ‘ಎಮರ್ಜೆನ್ಸಿ’ ಅಂದರೆ ನಮಗೆ ಒಂದು ಅರ್ಥ, ಪಾಲಿಸಿಗೆ ಇನ್ನೊಂದು. ತಡೆಯಲಾಗದ ಮಂಡಿನೋವು ನಮಗೆ ಎಮರ್ಜೆನ್ಸಿ. ಊರಿಗೆ ಮರಳುವವರೆಗೆ ಕಾಯಬಹುದಾದ ಚಿಕಿತ್ಸೆ ಎಮರ್ಜೆನ್ಸಿ ಅಲ್ಲ ಅಂತ ಪಾಲಿಸಿಯಲ್ಲಿ ಬರೆದಿದ್ದರೆ, ಆ ನೋವಿಗೆ ಹಣ ಸಿಗುವುದಿಲ್ಲ.

ವೀಸಾ ಸಿಕ್ಕಿತು ಅಂದರೆ ವಿಮೆ ಚೆನ್ನಾಗಿದೆ ಅಂತಲೂ ಅಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಇರಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ ಸೇರುವುದು, ಚಿಕಿತ್ಸೆಗಾಗಿ ಸ್ವದೇಶಕ್ಕೆ ಕರೆತರುವುದು, ಸಾವು ಇವೆಲ್ಲ ಅದರಲ್ಲಿ ಸೇರಿರಬೇಕು. ವೀಸಾ ಕಚೇರಿಯವರು ನೋಡುವುದು ಅಷ್ಟನ್ನೇ. ನಿಮ್ಮ ಸಕ್ಕರೆ ಕಾಯಿಲೆಗೆ ಆ ಪಾಲಿಸಿ ಹಣ ಕೊಡುತ್ತದಾ ಅಂತ ನೋಡುವುದು ಅವರ ಕೆಲಸ ಅಲ್ಲ ಅಲ್ವಾ?

ಹಂತ 2: ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ

ತುಂಬಾ ಜನ ಸಿಕ್ಕಿಬೀಳುವ ಜಾಗ ಇದು. ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ.

ನಮ್ಮ ಚಿಕ್ಕಪ್ಪ ವಿದೇಶದಲ್ಲಿರುವ ಮಗನ ಮನೆಗೆ ಹೋಗಿದ್ದರು. ಒಂದು ರಾತ್ರಿ ತಲೆಸುತ್ತು ಬಂದು ಬಿದ್ದರು. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯ ಡಾಕ್ಟರು ಚಿಕ್ಕಮ್ಮನನ್ನು ಕೇಳಿದರು, ಮುಂಚೆ ಏನಾದರೂ ಕಾಯಿಲೆ ಇತ್ತಾ ಅಂತ. ಚಿಕ್ಕಮ್ಮ ಇದ್ದದ್ದು ಇದ್ದ ಹಾಗೆ ಹೇಳಿದರು: ‘ಬಿಪಿ ಇದೆ, ಆರು ವರ್ಷ ಆಯ್ತು, ದಿನಾ ಒಂದು ಮಾತ್ರೆ.’ ಡಾಕ್ಟರು ಅದನ್ನೇ ಬರೆದುಕೊಂಡರು. ಡಿಸ್ಚಾರ್ಜ್ ಸಮರಿಯ ಮೂರನೇ ಸಾಲಿನಲ್ಲಿ ಅದು ಹಾಗೇ ಇತ್ತು. ವಿಮೆಯ ಅರ್ಜಿಯಲ್ಲಿ ಮಾತ್ರ ‘ಯಾವುದಾದರೂ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ’ ಅನ್ನುವ ಪ್ರಶ್ನೆಗೆ ‘ಇಲ್ಲ’ ಅಂತ ಟಿಕ್ ಆಗಿತ್ತು. ಅರ್ಜಿ ತುಂಬಿದ್ದು ಏಜೆಂಟು. ಚಿಕ್ಕಪ್ಪ ಸಹಿ ಮಾತ್ರ ಹಾಕಿದ್ದರು. ಆ ಎರಡು ಕಾಗದ ಪಕ್ಕಪಕ್ಕ ಬಂದವು, ಕ್ಲೇಮ್ ಅಲ್ಲಿಗೇ ನಿಂತಿತು. ಚಿಕ್ಕಮ್ಮ ಇವತ್ತಿಗೂ ‘ನಾನು ಹೇಳಬಾರದಿತ್ತೇನೋ’ ಅಂತ ಕೊರಗುತ್ತಾರೆ. ಅವರು ಹೇಳಿದ್ದೇ ಸರಿ. ಅದನ್ನು ಹೇಳದಿದ್ದರೆ ಡಾಕ್ಟರಿಗೆ ಸರಿಯಾದ ಔಷಧಿ ಕೊಡಲು ಆಗುತ್ತಿರಲಿಲ್ಲ. ತಪ್ಪಾಗಿದ್ದು ಅರ್ಜಿಯಲ್ಲಿ.

ಹಾಗಾಗಿ ಅರ್ಜಿಯನ್ನು ನೀವೇ ತುಂಬಿ. ಏಜೆಂಟ್ ತುಂಬಿದರೆ ಪ್ರತಿ ಉತ್ತರವನ್ನೂ ಓದಿ ನೋಡಿ ಸಹಿ ಹಾಕಿ. ಬಿಪಿ, ಶುಗರ್, ಥೈರಾಯ್ಡ್, ಅಸ್ತಮಾ, ಹಳೆಯ ಆಪರೇಷನ್, ಸ್ಟೆಂಟ್ ಎಲ್ಲವನ್ನೂ ಬರೆಯಿರಿ. ಪ್ರೀಮಿಯಂ ಜಾಸ್ತಿ ಆಗಬಹುದು, ಆಗಲಿ.

ಕಾಯಿಲೆ ಹೇಳಿದ ಮಾತ್ರಕ್ಕೆ ಅದಕ್ಕೆ ಹಣ ಸಿಗುತ್ತದೆ ಅಂತಲೂ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಜೀವಕ್ಕೆ ಅಪಾಯ ಬಂದಾಗ ಮಾತ್ರ, ಅದೂ ಸ್ಥಿತಿ ಹತೋಟಿಗೆ ಬರುವವರೆಗೆ ಮಾತ್ರ ಕೊಡುವ ಪಾಲಿಸಿಗಳಿವೆ. ಇನ್ನು ಕೆಲವು ಪಾಲಿಸಿಗಳಲ್ಲಿ ಹಿಂದಿನ 60ರಿಂದ 180 ದಿನ ಕಾಯಿಲೆ ಒಂದೇ ಸಮ ಇರಬೇಕು ಅನ್ನುವ ಷರತ್ತು ಇರುತ್ತದೆ. ಹೊರಡುವ ತಿಂಗಳ ಮೊದಲು ಡಾಕ್ಟರು ಮಾತ್ರೆಯ ಡೋಸ್ ಬದಲಿಸಿದರೂ ‘ಒಂದೇ ಸಮ ಇರಲಿಲ್ಲ’ ಅನ್ನಬಹುದು. ಎದೆನೋವು ಅಂತ ಟೆಸ್ಟ್ ಬರೆಸಿಕೊಂಡು ಇನ್ನೂ ಮಾಡಿಸದೆ ಹೊರಟರೆ ಅದೂ ತೊಂದರೆಯೇ. ಡೋಸ್ ಬದಲಾದರೆ ವಿಮಾ ಕಂಪನಿಗೆ ಇಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ‘ಏನೂ ಆಗಲ್ಲ ಸರ್’ ಅಂದದ್ದು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ.

ಹಂತ 3: ದೊಡ್ಡ ಮೊತ್ತವನ್ನು ಒಡೆದು ನೋಡಿ

ಮೊದಲ ಪುಟದ ಮೊತ್ತ ಒಂದು ಮಿತಿ ಅಷ್ಟೇ. ಅದರೊಳಗೆ ಚಿಕ್ಕ ಚಿಕ್ಕ ಮಿತಿಗಳಿರುತ್ತವೆ: ದಿನದ ಕೋಣೆ ಬಾಡಿಗೆಗೆ ಇಷ್ಟು, ಐಸಿಯುಗೆ ಇಷ್ಟು, ಸರ್ಜನ್ ಫೀಸಿಗೆ ಇಷ್ಟು, ಆಂಬುಲೆನ್ಸಿಗೆ ಇಷ್ಟು. ಇಂಥ ಒಳಮಿತಿ ಇರುವ ಪ್ಲಾನ್‌ಗಳು ಅಗ್ಗಕ್ಕೆ ಸಿಗುತ್ತವೆ. ಚಿಕಿತ್ಸೆ ದುಬಾರಿಯಾಗಿರುವ ಅಮೆರಿಕದಂಥ ದೇಶಕ್ಕೆ ಇವನ್ನು ನಂಬಿ ಹೋಗಬೇಡಿ. ಒಟ್ಟು ಮೊತ್ತದಲ್ಲಿ ಕಾಲು ಭಾಗ ಖರ್ಚಾಗುವ ಮೊದಲೇ ಕೋಣೆಯ ಮಿತಿ ಮುಗಿದು, ಉಳಿದದ್ದು ನಿಮ್ಮ ತಲೆ ಮೇಲೆ ಬರಬಹುದು.

ಇನ್ನೊಂದು ‘ಡಿಡಕ್ಟಿಬಲ್’, ಅಂದರೆ ಮೊದಲು ನೀವೇ ಕಟ್ಟಬೇಕಾದ ಮೊತ್ತ. ಅದರ ಜತೆಗೆ ಶೇಕಡಾವಾರು ಪಾಲೂ ಇರಬಹುದು. ಲೆಕ್ಕ ಹಾಕಿ ನೋಡೋಣ. ಡಿಡಕ್ಟಿಬಲ್ 250 ಡಾಲರ್. ಆಮೇಲಿನ ಮೊದಲ 5,000 ಡಾಲರಿನಲ್ಲಿ ಶೇ 20 ನಿಮ್ಮದು. ಬಿಲ್ 8,250 ಡಾಲರ್ ಬಂತು ಅನ್ನಿ. 250 ನೀವು ಕಟ್ಟಿದಿರಿ. ಉಳಿದ 8,000ದಲ್ಲಿ ಮೊದಲ 5,000ಕ್ಕೆ ಶೇ 20 ಅಂದರೆ 1,000, ಅದೂ ನಿಮ್ಮದೇ. ಒಟ್ಟು 1,250 ನಿಮ್ಮ ಜೇಬಿನಿಂದ. ಬರೀ 180 ಡಾಲರಿನ ಬಿಲ್ ಬಂದರೆ ಅಷ್ಟೂ ನಿಮ್ಮದೇ.

ಚಿಕ್ಕ ಬಿಲ್ಲುಗಳ ಕಷ್ಟ ತಿಳಿಯಬೇಕಾದರೆ ನಾಯಿ ಕಚ್ಚಿದ್ದನ್ನು ನೆನೆಸಿಕೊಳ್ಳಿ. ಗಾಯವನ್ನು ತಕ್ಷಣ 15 ನಿಮಿಷ ಸೋಪು ನೀರಿನಲ್ಲಿ ತೊಳೆಯಬೇಕು. ಮುಂಚೆ ರೇಬೀಸ್ ಲಸಿಕೆ ಹಾಕಿಸದವರಿಗೆ ರಕ್ತ ಬರುವಂಥ ಗಾಯವಾದರೆ ಲಸಿಕೆಯ ಜತೆಗೆ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಬೇಕು. ಲಸಿಕೆಯ ಕೋರ್ಸು 0, 3, 7, 14ನೇ ದಿನ ಹೀಗೆ ಮುಂದುವರಿಯುತ್ತದೆ. ಅಷ್ಟರಲ್ಲಿ ನೀವು ಮೂರು ಊರು ದಾಟಿರುತ್ತೀರಿ. ಇದಕ್ಕೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಡ್ಮಿಟ್ ಆದರೆ ಮಾತ್ರ ಕೊಡುವ ಪಾಲಿಸಿ ನಿಮ್ಮದಾದರೆ ಒಂದು ಪೈಸೆಯೂ ಬರುವುದಿಲ್ಲ. ಪ್ರತಿ ಭೇಟಿಗೂ ಡಿಡಕ್ಟಿಬಲ್ ಹಿಡಿಯುವ ಪಾಲಿಸಿಯಾದರೂ ಹೆಚ್ಚುಕಡಿಮೆ ಅದೇ ಕಥೆ. ಹಣ ಬರದಿದ್ದರೂ ಲಸಿಕೆ ಮಾತ್ರ ಬಿಡಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಬದುಕಿ ಉಳಿದವರು ತೀರಾ ವಿರಳ.

ಹಂತ 4: ಅಲ್ಲಿ ಏನು ಮಾಡುತ್ತೀರಿ ಅಂತ ಪಟ್ಟಿ ಮಾಡಿ

ಪಟ್ಟಿ ಹಿಡಿದು ಎಕ್ಸ್‌ಕ್ಲೂಷನ್ಸ್ ಜತೆ ತಾಳೆ ನೋಡಿ. ಬಾಡಿಗೆ ಸ್ಕೂಟರ್ ಓಡಿಸುತ್ತೀರಾ? ಆ ದೇಶದಲ್ಲಿ ನಡೆಯುವ, ಅದೇ ವರ್ಗದ ವಾಹನದ ಲೈಸೆನ್ಸ್ ಇಲ್ಲದಿದ್ದರೆ, ಹೆಲ್ಮೆಟ್ ಹಾಕದಿದ್ದರೆ ಕ್ಲೇಮ್ ಬಿದ್ದುಹೋಗಬಹುದು. ಕಾರಿನ ಲೈಸೆನ್ಸ್ ಮಾತ್ರ ಇದ್ದವರು ಇಲ್ಲೇ ಎಡವುವುದು. ಬಾಡಿಗೆ ಅಂಗಡಿಯವನು ಲೈಸೆನ್ಸ್ ಕೇಳಲಿಲ್ಲ ಅನ್ನುವುದು ವಿಮೆಗೆ ಉತ್ತರ ಅಲ್ಲ.

ಬೆಟ್ಟ ಹತ್ತುವವರು ಎತ್ತರದ ಮಿತಿ ನೋಡಬೇಕು. ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಕಾಣಿಸಿಕೊಳ್ಳಬಹುದು. ಇಂತಿಷ್ಟು ಮೀಟರ್ ಮೇಲೆ ಹೋದರೆ ವಿಮೆ ಇಲ್ಲ ಅಂತ ಬರೆದಿರುವ ಪಾಲಿಸಿಗಳಿವೆ. ನಿಮ್ಮ ದಾರಿಯ ಅತಿ ಎತ್ತರದ ಜಾಗ ಎಷ್ಟು ಮೀಟರ್ ಅಂತ ತಿಳಿದುಕೊಂಡು ಹೋಲಿಸಿ. ಸ್ಕೂಬಾಗೂ ಆಳದ ಮಿತಿ ಇರುತ್ತದೆ. ಕುಡಿದು ಆದ ಅಪಘಾತ, ಮಾನಸಿಕ ಕಾಯಿಲೆ, ಇಂತಿಷ್ಟು ವಾರ ದಾಟಿದ ಗರ್ಭಿಣಿಯರ ಚಿಕಿತ್ಸೆ ಇವೆಲ್ಲ ಹೊರಗಿಡುವ ಪಟ್ಟಿಯಲ್ಲಿ ಮೇಲಿಂದ ಮೇಲೆ ಕಾಣುತ್ತವೆ. ನಿಮ್ಮ ಸರ್ಕಾರ ಹೋಗಬೇಡಿ ಅಂದ ಜಾಗಕ್ಕೆ ಹೋದರೂ ವಿಮೆ ನಿಲ್ಲಬಹುದು.

ಹಂತ 5: ತಾರೀಖು, ಮತ್ತೆ ‘ಬೇರೆ ವಿಮೆ ಇದೆ’ ಅನ್ನುವ ನಂಬಿಕೆ

ಹೊರಡುವ ದಿನದಿಂದ ಮರಳಿ ಬರುವ ದಿನದವರೆಗೆ ಪಾಲಿಸಿ ಇರಲಿ, ಮೇಲೆ ಎರಡು ಮೂರು ದಿನ ಹೆಚ್ಚಿಗೆ ಇದ್ದರೆ ಒಳ್ಳೆಯದು. ವಿಮಾನ ರದ್ದಾದರೆ ಆ ಎರಡು ದಿನವೇ ಕೈಹಿಡಿಯುತ್ತದೆ. ವರ್ಷಪೂರ್ತಿಯ ಪಾಲಿಸಿಯಲ್ಲೂ ಒಂದು ಪ್ರವಾಸಕ್ಕೆ ಇಂತಿಷ್ಟೇ ದಿನ ಅಂತ ಮಿತಿ ಇರುತ್ತದೆ. ಮುಂದುವರಿಸಬೇಕಾದರೆ ಮುಗಿಯುವ ಮೊದಲೇ ಕೇಳಬೇಕು.

ಕ್ರೆಡಿಟ್ ಕಾರ್ಡಿನ ವಿಮೆಯನ್ನು ನಂಬುವವರು, ಟಿಕೆಟ್ ಅದೇ ಕಾರ್ಡಿನಲ್ಲಿ ಕೊಂಡಿರಬೇಕಾ ಅಂತ ನೋಡಿ. ಅಮೆರಿಕದ ಹಿರಿಯರಿಗಿರುವ ಮೆಡಿಕೇರ್, ಕೆಲವೇ ಸಂದರ್ಭ ಬಿಟ್ಟರೆ, ದೇಶದ ಹೊರಗೆ ನಡೆಯುವುದಿಲ್ಲ. ಯುರೋಪಿನವರ ಹೆಲ್ತ್ ಇನ್ಶುರೆನ್ಸ್ ಕಾರ್ಡ್ ಸರ್ಕಾರಿ ವ್ಯವಸ್ಥೆಯ ಚಿಕಿತ್ಸೆಗೆ ಆಗುತ್ತದೆ, ಖಾಸಗಿ ಆಸ್ಪತ್ರೆಗೆ ಆಗುವುದಿಲ್ಲ, ಮನೆಗೆ ಕರೆತರುವ ಖರ್ಚಿಗೂ ಆಗುವುದಿಲ್ಲ.

ಹಂತ 6: ಆಸ್ಪತ್ರೆಯ ಮೊದಲ ಗಂಟೆ

ಜೀವಕ್ಕೆ ಅಪಾಯ ಇದ್ದರೆ ಮೊದಲು ಆಂಬುಲೆನ್ಸ್, ಮೊದಲು ಆಸ್ಪತ್ರೆ. ವಿಮೆಯ ನೆಟ್‌ವರ್ಕ್, ಅಂದರೆ ಕಂಪನಿಯ ಜತೆ ಒಪ್ಪಂದ ಇರುವ ಆಸ್ಪತ್ರೆ ಯಾವುದು ಅಂತ ಹುಡುಕುತ್ತಾ ಕೂರಬೇಡಿ. ಆದರೆ ರೋಗಿ ಒಳಗೆ ಹೋದ ಕೂಡಲೇ ಜತೆಯಲ್ಲಿರುವವರು ವಿಮೆಯ ಸಹಾಯವಾಣಿಗೆ ಫೋನ್ ಮಾಡಬೇಕು. 24 ಅಥವಾ 48 ಗಂಟೆಯೊಳಗೆ ತಿಳಿಸಬೇಕು ಅಂತ ಷರತ್ತು ಇರುವುದು ಸಾಮಾನ್ಯ. ಫೋನ್ ಎತ್ತುವವರು ಬಹಳ ಸಲ ವಿಮಾ ಕಂಪನಿಯವರಲ್ಲ, ಅವರ ಪರವಾಗಿ ಕೆಲಸ ಮಾಡುವ ಬೇರೆ ಸಂಸ್ಥೆಯವರು. ಕೇಸ್ ನಂಬರ್, ಮಾತಾಡಿದವರ ಹೆಸರು, ಸಮಯ ಮೂರನ್ನೂ ಬರೆದಿಟ್ಟುಕೊಳ್ಳಿ.

‘ಕ್ಯಾಶ್‌ಲೆಸ್’, ಅಂದರೆ ಬಿಲ್ಲನ್ನು ವಿಮೆಯವರೇ ನೇರವಾಗಿ ಕಟ್ಟುತ್ತಾರೆ ಅಂದಿದ್ದರೂ ಆಸ್ಪತ್ರೆಯವರು ಡೆಪಾಸಿಟ್ ಕೇಳಬಹುದು. ವಿಮೆಯವರಿಂದ ಒಪ್ಪಿಗೆ ಪತ್ರ ಬರುವವರೆಗೆ ಅವರಿಗೂ ಖಾತ್ರಿ ಇರುವುದಿಲ್ಲ. ರಾತ್ರಿ ಹೊತ್ತು, ರಜೆಯ ದಿನ ಅದು ತಡವಾಗುತ್ತದೆ. ಅದಕ್ಕೇ ಒಂದು ಕ್ರೆಡಿಟ್ ಕಾರ್ಡಿನ ಲಿಮಿಟ್ ಸ್ವಲ್ಪವೂ ಬಳಸದೆ ಪೂರ್ತಿ ಉಳಿಸಿಕೊಂಡೇ ಹೊರಡಿ. ಶಾಪಿಂಗ್‌ಗೆ ಆ ಕಾರ್ಡ್ ಮುಟ್ಟಬೇಡಿ. ಪಾಲಿಸಿ ನಂಬರ್, ಸಹಾಯವಾಣಿ, ನೀವು ತೆಗೆದುಕೊಳ್ಳುವ ಮಾತ್ರೆಗಳ ಜೆನೆರಿಕ್ ಹೆಸರು, ಅಲರ್ಜಿ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜತೆ ಇಡಿ. ಮೊಬೈಲ್ ಚಾರ್ಜ್ ಹೋದಾಗ ಪಿಡಿಎಫ್ ಸಿಗುವುದಿಲ್ಲ.

ರೋಗಿಯನ್ನು ಬೇರೆ ಆಸ್ಪತ್ರೆಗೆ ಅಥವಾ ಸ್ವದೇಶಕ್ಕೆ ಸಾಗಿಸುವ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಇವ್ಯಾಕ್ಯುಯೇಷನ್’ ಇದೆ ಅಂದಾಕ್ಷಣ ನಾವು ಕೇಳಿದಾಗ ವಿಮಾನ ಬರುತ್ತದೆ ಅಂತ ಅಲ್ಲ. ಸಾಗಿಸಲೇಬೇಕು ಅಂತ ಅವರ ಡಾಕ್ಟರು ಒಪ್ಪಬೇಕು. ಒಪ್ಪಿದರೂ ಮನೆಗೇ ಕರೆತರುತ್ತಾರೆ ಅಂತ ಇಲ್ಲ, ‘ಹತ್ತಿರದ ಸೂಕ್ತ ಆಸ್ಪತ್ರೆ’ಗೆ ಅಂತ ಬರೆದಿರಬಹುದು. ಅವರನ್ನು ಕೇಳದೆ ನೀವೇ ಏರ್ ಆಂಬುಲೆನ್ಸ್ ಗೊತ್ತು ಮಾಡಿದರೆ ಆ ಬಿಲ್ ವಾಪಸ್ ಬರುವುದು ಕಷ್ಟ. ಸಾಮಾನ್ಯ ವಿಮಾನದಲ್ಲಿ ಸ್ಟ್ರೆಚರ್ ಮೇಲೆ ಕರೆತರಬೇಕಾದರೂ ಹಲವು ಸೀಟು ಬೇಕಾಗುತ್ತದೆ, ವಿಮಾನ ಸಂಸ್ಥೆಯ ವೈದ್ಯಕೀಯ ಒಪ್ಪಿಗೆ ಬೇಕು. ಇದಕ್ಕೆ ದಿನಗಳೇ ಹಿಡಿಯಬಹುದು. ಪಾಲಿಸಿ ಕೊಳ್ಳುವ ಮೊದಲೇ ಕೇಳಿ: ಎಲ್ಲಿಗೆ ಸಾಗಿಸುತ್ತೀರಿ, ತೀರ್ಮಾನ ಯಾರದು, ಜತೆಗೆ ಒಬ್ಬರು ಬರಬಹುದಾ?

ಹಂತ 7: ಕಾಗದಪತ್ರ, ಮತ್ತೆ ‘ಇಲ್ಲ’ ಅಂದಾಗ

ಡಿಸ್ಚಾರ್ಜ್ ಆಗುವಾಗ ಎಲ್ಲರಿಗೂ ಹೊರಟರೆ ಸಾಕು ಅನಿಸಿರುತ್ತದೆ. ಹತ್ತು ನಿಮಿಷ ನಿಲ್ಲಿ. ಒಟ್ಟು ಮೊತ್ತದ ಬಿಲ್ ಒಂದೇ ಸಾಲದು, ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದ ಬಿಲ್ ಬೇಕು. ಹಣ ಕಟ್ಟಿದ ರಸೀದಿ, ಡಿಸ್ಚಾರ್ಜ್ ಸಮರಿ, ಟೆಸ್ಟ್ ರಿಪೋರ್ಟು, ಔಷಧಿ ಚೀಟಿ ಎಲ್ಲ ತಗೊಳ್ಳಿ. ಅಪಘಾತವಾದರೆ ಪೊಲೀಸ್ ರಿಪೋರ್ಟಿನ ಪ್ರತಿಯೂ ಬೇಕಾಗಬಹುದು. ಡಿಸ್ಚಾರ್ಜ್ ಸಮರಿಯನ್ನು ಅಲ್ಲೇ ನಿಂತು ಓದಿ. ಎರಡು ತಿಂಗಳಿಂದ ಇದ್ದ ತಲೆನೋವು ‘ಎರಡು ವರ್ಷ’ ಆಗಿದ್ದರೆ ಅಲ್ಲೇ ಸರಿಮಾಡಿಸಿ. ಊರಿಗೆ ಬಂದ ಮೇಲೆ ಆ ಒಂದು ಪದ ತಿದ್ದಿಸಲು ವಾರಗಟ್ಟಲೆ ಅಲೆಯಬೇಕು. ಪಾಸ್‌ಪೋರ್ಟಿನಲ್ಲಿ ಹೋದ ಬಂದ ಮುದ್ರೆ ಇರುವ ಪುಟಗಳ ಫೋಟೊ ತೆಗೆದಿಡಿ, ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಕ್ಲೇಮ್ ತಿರಸ್ಕರಿಸಿದರೆ ಸುಮ್ನೆ ಬಿಟ್ಟುಬಿಡಬೇಡಿ. ಯಾವ ಷರತ್ತಿನಡಿ, ಎಷ್ಟನೇ ನಂಬರಿನ ಕಲಮು ಅಂತ ಬರಹದಲ್ಲಿ ಕೇಳಿ. ಆ ಕಲಮನ್ನು ನೀವೇ ಓದಿ. ಹಳೆಯ ಕಾಯಿಲೆಗೂ ಈಗ ಆದದ್ದಕ್ಕೂ ಸಂಬಂಧ ಇಲ್ಲದಿದ್ದರೆ ಚಿಕಿತ್ಸೆ ಕೊಟ್ಟ ಡಾಕ್ಟರಿಂದಲೇ ಹಾಗಂತ ಪತ್ರ ಬರೆಸಿಕೊಳ್ಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಆಗದಿದ್ದರೆ ಪಾಲಿಸಿ ಕೊಂಡ ದೇಶದ ವಿಮಾ ಓಂಬುಡ್ಸ್‌ಮನ್ (ಗ್ರಾಹಕರ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಅಥವಾ ನಿಯಂತ್ರಕರ ಹತ್ತಿರ ಹೋಗಿ. ಅಲ್ಲಿಗೆ ಹೋಗಲೂ ಗಡುವು ಇರುತ್ತದೆ. ತಿರಸ್ಕಾರದ ಪತ್ರ ಬಂದ ದಿನವೇ ಅದರ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.