ಹೂವಿನ ಲೆಕ್ಕದಲ್ಲಿ ಪ್ಲಸ್, ಮೈನಸ್

ಶಂಕರಪುರದ ಹತ್ತಿರ ನಮ್ಮದೊಂದು ಸಣ್ಣ ಮಲ್ಲಿಗೆ ತೋಟ. ಹೂ ಕಟ್ಟಿ ಕಟ್ಟೆಗೆ, ಅಂದರೆ ಹೂ ಕೊಳ್ಳುವ ಜಾಗಕ್ಕೆ, ಕೊಡುತ್ತೇವೆ. ಕಟ್ಟಿದ ಹೂವಿನ ಉಂಡೆಗೆ ಚೆಂಡು ಅನ್ನುತ್ತೇವೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೂ ಬೇರೆ. ದುಡ್ಡು ಮಾತ್ರ ದಿನಾ ಕೈಗೆ ಬರುವುದಿಲ್ಲ. ನಡುವೆ ಮುಂಗಡ, ಗಿಡಕ್ಕೆ ಗೊಬ್ಬರವಾಗಿ ಹಾಕುವ ಹಿಂಡಿಯ ಬಾಕಿ, ಸಂಘದ ಕಂತು ಎಲ್ಲ ಇರುತ್ತದೆ. ಬರಬೇಕಾದ್ದು ಒಂದು ಪುಸ್ತಕದಲ್ಲಿ, ಕೊಡಬೇಕಾದ್ದು ಇನ್ನೊಂದರಲ್ಲಿ ಇದ್ದರೆ ಒಟ್ಟು ಎಷ್ಟಕ್ಕೆ ನಿಂತಿದ್ದೇವೆ ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ? ಹಾಗಾಗಿ ಹೂವಿಗೆ ಒಂದೇ ಪುಸ್ತಕ ಇಟ್ಟೆ. ಬಂದದ್ದು ಪ್ಲಸ್. ಕೊಟ್ಟದ್ದು, ಕೊಡಬೇಕಾದ್ದು ಮೈನಸ್. ಮನೆ ಖರ್ಚು ಇದಕ್ಕೆ ಸೇರಿಸುವುದಿಲ್ಲ.

ಒಂದು ವಾರದ ಲೆಕ್ಕ ಹೇಳುತ್ತೇನೆ. 3,000 ರೂಪಾಯಿ ಮುಂಗಡ ತಗೊಂಡು ಖರ್ಚೂ ಆಗಿತ್ತು. ಅಂದರೆ −3,000. ಆ ವಾರದ ಸಂಘದ ಕಂತು ಹೋಗಿ ಹೂವಿನಿಂದ 1,250 ಸೇರಿತು, −1,750 ಆಯಿತು. ನೆಲಗಡಲೆ ಹಿಂಡಿ 600ಕ್ಕೆ ಸಾಲ ತಂದೆ, −2,350. ಹಿಂಡಿಯಲ್ಲಿ ಸ್ವಲ್ಪ ಮುಗ್ಗಲು ಹಿಡಿದಿತ್ತು. ಅದನ್ನು ವಾಪಸ್ ಕೊಟ್ಟಾಗ ಅಂಗಡಿಯವರು ಬಾಕಿಯಲ್ಲಿ 200 ಬಿಟ್ಟರು. ಇದನ್ನು ಹೇಗೆ ಬರೆಯುವುದು? ಸಾಲವನ್ನೇ ಕಳೆಯಬೇಕು: −2,350 − (−200) = −2,150. ಕೈಗೆ ಒಂದು ರೂಪಾಯಿಯೂ ಬಂದಿಲ್ಲ, ಆದರೂ 200 ಬಂದಷ್ಟೇ ಆಯಿತು. ಮೈನಸ್ ಕಳೆದರೆ ಪ್ಲಸ್ ಅಂತ ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿಸುತ್ತಾರೆ. ಮಕ್ಕಳಿಗೆ ಹೀಗೆ ಸಾಲ ಬಿಟ್ಟ ಲೆಕ್ಕ ತೋರಿಸಿದರೆ ತಟ್ಟನೆ ಹಿಡಿಯುತ್ತಾರೆ. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಈ ನಿಯಮಗಳನ್ನು ಆಸ್ತಿ, ಸಾಲದ ಮಾತಿನಲ್ಲೇ ಬರೆದಿಟ್ಟಿದ್ದಾನೆ.

ಸಂಘದ ಸಾಲದ ಅಸಲು ಬೇರೆ ಕಡೆ ಬರೆದಿದ್ದೇನೆ. ಇಲ್ಲಿ ವಾರದ ಕಂತು ಮಾತ್ರ, −350. ಎರಡೂ ಒಂದೇ ಕಡೆ ಬರೆದರೆ ಅದೇ ಸಾಲ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಈ ಪುಸ್ತಕದಿಂದ ನನಗೆ ಜಾಸ್ತಿ ಉಪಯೋಗ ಆದದ್ದು ಮುಂದಿನದನ್ನು ನೋಡುವುದಕ್ಕೆ. ಹೂ ಚೆನ್ನಾಗಿರುವಾಗ ವಾರಕ್ಕೆ 1,500 ಬಂದರೆ, ಕಂತು ಹೋಗಿ +1,150. ಎರಡು ವಾರದಲ್ಲಿ −2,150 ದಾಟಿ ಸೊನ್ನೆಯ ಮೇಲೆ ಬರುತ್ತೇನೆ. ಜೋರು ಮಳೆಯಲ್ಲಿ ಹೂ ಕಮ್ಮಿ. ವಾರಕ್ಕೆ 500 ಬಂದರೆ ಉಳಿಯುವುದು 150. ಅದೇ −2,150 ತೀರಲು 15 ವಾರ ಬೇಕು! ಮಳೆಗಾಲ ಪೂರ್ತಿ ಅದಕ್ಕೇ ಹೋಯಿತು.

ಅದಕ್ಕೇ ಈಗ ಮೇ ತಿಂಗಳಲ್ಲಿ ಮುಂಗಡ ಕೇಳುವುದಿಲ್ಲ. ಮಳೆ ಹಿಡಿಯುವ ಮೊದಲು ಪುಸ್ತಕ ಪ್ಲಸ್‌ನಲ್ಲಿ ಇದ್ದರೆ ಹಿಂಡಿ ಪೂರ್ತಿ ತರುತ್ತೇನೆ, ಮೈನಸ್ ಇದ್ದರೆ ಅರ್ಧ ತಂದು ಉಳಿದದ್ದಕ್ಕೆ ಹಟ್ಟಿಗೊಬ್ಬರ ಹಾಕುತ್ತೇನೆ.