ಮನೆ ಕೆಲಸಕ್ಕೊಂದು ಮರದ ತಳ್ಳುಗಾಡಿ, ನಮ್ಮ ಕರಾವಳಿಯ ಹವೆಗೆ ತಕ್ಕ ಹಾಗೆ

ಗ್ಯಾಸ್ ಸಿಲಿಂಡರನ್ನು ಜಗಲಿಯಲ್ಲಿ ಇಳಿಸಿ ಹೋಗುತ್ತಾರೆ, ಅಲ್ಲಿಂದ ಅಡುಗೆಮನೆಗೆ ಸಾಗಿಸುವುದು ಮನೆಯವರ ಪಾಡು. ಒಳಗಿನ ಗ್ಯಾಸ್ 14.2 ಕೆಜಿ, ಖಾಲಿ ಸಿಲಿಂಡರೇ 15-16 ಕೆಜಿ, ಎರಡೂ ಸೇರಿ 30 ಕೆಜಿ ಆಯ್ತು. ಕುಚ್ಚಲಕ್ಕಿ ಚೀಲ ತಂದರೆ 25 ಇಲ್ಲವೇ 50 ಕೆಜಿ. ತೆಂಗಿನಕಾಯಿ, ಹಲಸಿನಹಣ್ಣು, ನೀರಿನ ಕ್ಯಾನು ಬೇರೆ. ಮಂಗಳೂರು, ಉಡುಪಿ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಲ್ಲೋ ಮುಂಬೈಯಲ್ಲೋ ಗಲ್ಫಲ್ಲೋ ಇದ್ದಾರೆ, ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಎಪ್ಪತ್ತು ದಾಟಿದವರು ಸಿಲಿಂಡರನ್ನು ಓರೆ ಮಾಡಿ ತಿರುಗಿಸುತ್ತಾ ಹೋಗುವುದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ರಜೆಗೆ ಊರಿಗೆ ಬಂದವರು ಮನಸ್ಸು ಮಾಡಿದರೆ ಒಂದು ಗಾಡಿ ಮಾಡಿಟ್ಟು ಹೋಗಬಹುದು. ದೊಡ್ಡ ಬಡಗಿ ಕೆಲಸ ಏನೂ ಬೇಡ.

ಒಂದು ಮಾತು ಮೊದಲೇ ಹೇಳುತ್ತೇನೆ. ದುಡ್ಡು ಚಕ್ರಕ್ಕೆ ಹಾಕಿ, ಮರಕ್ಕಲ್ಲ. ಮರ ಹಳೆಯದಾದರೂ ನಡೆಯುತ್ತದೆ, ಚಕ್ರ ಕೆಟ್ಟದಾದರೆ ಆ ಗಾಡಿ ಅಟ್ಟ ಸೇರುತ್ತದೆ ಅಷ್ಟೇ.

ಅಳತೆ 24 ಇಂಚು ಉದ್ದ, 18 ಇಂಚು ಅಗಲ ಇರಲಿ. ಇಷ್ಟು ಅಗಲ ಇದ್ದರೆ ಬಚ್ಚಲಿನ ಸಣ್ಣ ಬಾಗಿಲಲ್ಲೂ ಆರಾಮಾಗಿ ತೂರುತ್ತದೆ, ಮತ್ತು ಸಿಲಿಂಡರಿನ ಸುತ್ತಳತೆ ದೊಡ್ಡದಾಗಿ ಕಂಡರೂ ಅಡ್ಡಗಲ ಒಂದು ಅಡಿಗಿಂತ ಚೂರು ಜಾಸ್ತಿ ಅಷ್ಟೇ, ಹಾಗಾಗಿ ಅದು ಕೂತ ಮೇಲೂ ಜಾಗ ಉಳಿಯುತ್ತದೆ. ಈ ಅಳತೆಯಲ್ಲಿ ಇನ್ನೊಂದು ಅನುಕೂಲ ಇದೆ: ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಸರಿಯಾಗಿ 30 ಇಂಚು ಬರಬೇಕು. ಎರಡೂ ಕಡೆಯಿಂದ 30 ಬಂತೆಂದರೆ ಚೌಕಟ್ಟು ಮೂಲೆಮಟ್ಟಕ್ಕೆ ಇದೆ ಎಂದರ್ಥ. ಎತ್ತರ ಆದಷ್ಟು ಕಡಿಮೆ ಇರಬೇಕು, ಏಕೆಂದರೆ ಭಾರ ಎತ್ತಿ ಇಡುವವರು ವಯಸ್ಸಾದವರು.

ಮರಕ್ಕೆ ಹೊಸದು ಕೊಳ್ಳುವ ಮೊದಲು ಹಳೆಯದನ್ನು ಹುಡುಕಿ. ನಮ್ಮಲ್ಲಿ ಹೆಂಚಿನ ಮನೆಗಳನ್ನು ಕೆಡವಿದಾಗ ಬರುವ ಪಕ್ಕಾಸು (ಮಾಡಿನ ಇಳಿಜಾರು ಮರ), ರೀಪು (ಹೆಂಚು ಕೂರಿಸುವ ಉದ್ದನೆಯ ಮರದ ಪಟ್ಟಿ), ಅಟ್ಟದ ಹಲಗೆಗಳನ್ನು ಮಾರುವ ಅಂಗಡಿಗಳಿವೆ. ಹಲಸು, ಬೋಗಿ, ಸಾಗುವಾನಿ ಎಲ್ಲ ಸಿಗುತ್ತದೆ, ದಶಕಗಟ್ಟಲೆ ಒಣಗಿದ ಮರ, ಇನ್ನು ಬಾಗುವುದು ಕಡಿಮೆ. ಗರಗಸ ಇಡುವ ಮೊದಲು ಒಂದು ಅಯಸ್ಕಾಂತ ಹಿಡಿದು ಇಡೀ ಹಲಗೆ ಸವರಿ, ಒಳಗೆ ಮುರಿದ ಮೊಳೆ ಇದ್ದರೆ ಗೊತ್ತಾಗುತ್ತದೆ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ ಇನ್ನೂ ಜೀವಂತ ಇದೆ, ಅಂಥದ್ದನ್ನು ಮನೆಗೆ ತರಬೇಡಿ. ಸಂಸ್ಕರಿಸದ ರಬ್ಬರ್ ಮರ ಅಗ್ಗಕ್ಕೆ ಸಿಗುತ್ತದೆ, ಆದರೆ ಈ ಹುಳಕ್ಕೆ ಅದೆಂದರೆ ಬಲು ಇಷ್ಟ. ಪ್ಲೈವುಡ್ಡೇ ಸಾಕು ಅನ್ನುವವರು ಐಎಸ್ 710 ಅಂತ ಅಚ್ಚು ಇರುವ ಮರೈನ್ ಪ್ಲೈ ತೆಗೆದುಕೊಳ್ಳಿ. ಮಾಮೂಲಿ ಪ್ಲೈ ನಮ್ಮ ಮಳೆಗಾಲದಲ್ಲಿ ಪದರ ಬಿಡುತ್ತದೆ.

ಹಿಡಿ ಬಿಟ್ಟು ಉಳಿದದ್ದಕ್ಕೆ ಬೇಕಾದ ಮರ ಇಷ್ಟು: ಎರಡು ಇಂಚು ಅಗಲ, ಒಂದೂವರೆ ಇಂಚು ದಪ್ಪದ ರೀಪು 24 ಇಂಚಿನದ್ದು ಎರಡು. ನಾಲ್ಕು ಇಂಚು ಅಗಲ, ಅದೇ ಒಂದೂವರೆ ಇಂಚು ದಪ್ಪದ ಅಡ್ಡಪಟ್ಟಿ 14 ಇಂಚಿನದ್ದು ಎರಡು, ನಡುವೆ ಹಾಕಲು ರೀಪಿನದ್ದೇ ಒಂದು. ಮೇಲೆ ಹಾಸಲು ಮುಕ್ಕಾಲು ಇಂಚು ದಪ್ಪದ ಹಲಗೆ, 18 ಇಂಚು ಉದ್ದದ್ದು ಆರು. ನಾಲ್ಕು ಇಂಚಿನ ಹಲಗೆ ಕೀಸಿದ ಮೇಲೆ ಅಗಲ ಮೂರೂಮುಕ್ಕಾಲು ಇಂಚು ಉಳಿಯುತ್ತದೆ. ಅಂಥ ಆರನ್ನು 24 ಇಂಚಿಗೆ ಹರಡಿದರೆ ನಡುವೆ ಕಾಲು ಇಂಚಿಗಿಂತ ಚೂರು ಜಾಸ್ತಿ ಸಂದು ಬರುತ್ತದೆ.

ಆ ಸಂದು ಬೇಕೇ ಬೇಕು. ಮರ ಉದ್ದಕ್ಕೆ ಹೆಚ್ಚುಕಮ್ಮಿ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ. ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಕಡೆ ಜೂನ್ ಜುಲೈಯಲ್ಲಿ ಕಪಾಟಿನ ಬಾಗಿಲು ಬಿಗಿಯಾಗುವುದು ಎಲ್ಲರಿಗೂ ಗೊತ್ತು, ಅಲ್ವಾ? ಹಲಗೆಗಳನ್ನು ಒತ್ತಾಗಿ ಜೋಡಿಸಿದರೆ ಮಳೆಗಾಲದಲ್ಲಿ ಅವು ಒಂದನ್ನೊಂದು ತಳ್ಳಿ ಮೇಲೆದ್ದು ಸ್ಕ್ರೂ ಕಿತ್ತುಕೊಳ್ಳುತ್ತವೆ. ಸಂದಿದ್ದರೆ ಚೆಲ್ಲಿದ ನೀರೂ ಕೆಳಗಿಳಿದು ಹೋಗುತ್ತದೆ. ಸಾಧ್ಯವಾದರೆ ಈ ಕೆಲಸವನ್ನು ಮಾರ್ಚ್ ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಿ.

ಈಗ ಚಕ್ರ. ಮಂಗಳೂರಿನ ಬಂದರು ಕಡೆ ಹಾರ್ಡ್‌ವೇರ್ ಅಂಗಡಿಗಳಿಗೆ ಹೋಗಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿಯೇ ತನ್ನಿ. ಒಂದೊಂದು ಚಕ್ರ ಎಷ್ಟು ಭಾರ ತಾಳುತ್ತದೆ ಎಂದು ಕೇಳಿ. ಇಲ್ಲಿ ಲೆಕ್ಕ ಹಾಕುವಾಗ ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸಬೇಡಿ, ಮೂರರಿಂದ ಭಾಗಿಸಿ. ನೆಲ ಸ್ವಲ್ಪ ಏರುಪೇರಾದರೂ ಒಂದು ಚಕ್ರ ಗಾಳಿಯಲ್ಲಿರುತ್ತದೆ, ಭಾರವೆಲ್ಲ ಮೂರರ ಮೇಲೆ ಬೀಳುತ್ತದೆ. 50 ಕೆಜಿ ಅಕ್ಕಿ, ಗಾಡಿಯದ್ದೇ ಒಂದು 10 ಕೆಜಿ ಎಂದರೆ 60, ಚಕ್ರಕ್ಕೆ 20 ಆಯ್ತು. ಬಾಗಿಲ ಪಟ್ಟಿಯಿಂದ ಧಡ್ ಎಂದು ಇಳಿಯುವಾಗ ಬೀಳುವ ಪೆಟ್ಟು ಬೇರೆ ಇದೆ, ಹಾಗಾಗಿ ತಲಾ 40 ಕೆಜಿ ತಾಳುವುದನ್ನೇ ಕೊಳ್ಳಿ.

ಮನೆಯೊಳಗೆ ಮಾತ್ರ ಓಡಿಸುವುದಾದರೆ ಮೂರು ಇಂಚಿನ ಚಕ್ರ ಸಾಕು. ಅಂಗಳದ ಇಂಟರ್‌ಲಾಕ್ ಮೇಲೂ ಹೋಗಬೇಕೆಂದರೆ ನಾಲ್ಕು ಇಂಚು. ಎರಡು ಇಂಚಿನದ್ದು ಬೇಡವೇ ಬೇಡ, ಟೈಲ್ಸ್ ಸಂದಿನಲ್ಲೇ ಕಚ್ಚಿಕೊಳ್ಳುತ್ತದೆ. ಮುರಕಲ್ಲಿನ ಒರಟು ಅಂಗಳಕ್ಕೆ ಇಂಥ ಚಕ್ರ ಯಾವುದೂ ಆಗದು, ಅದಕ್ಕೆ ದೊಡ್ಡ ಗಾಲಿಯ ಬೇರೆ ಗಾಡಿಯೇ ಬೇಕು. ಚಕ್ರದ ಮೈ ಪಿಯು (ಪಾಲಿಯುರೆಥೇನ್) ಆಗಿದ್ದರೆ ಒಳ್ಳೆಯದು. ಗಟ್ಟಿ ನೈಲಾನ್ ಹಳೆಯ ಮನೆಗಳ ಕೆಂಪು ಕಾವಿ ನೆಲವನ್ನು ಗೀರುತ್ತದೆ, ಕಪ್ಪು ರಬ್ಬರ್ ಕಲೆ ಬಿಡುತ್ತದೆ. ಅಷ್ಟು ಚೆಂದದ ನೆಲ, ಮತ್ತೆ ಹಾಕಿಸಲು ಇವತ್ತು ಕೈಗೆಲಸದವರು ಸಿಗಬೇಕಲ್ಲ.

ಎರಡು ಚಕ್ರ ತಿರುಗುವಂಥದ್ದು, ಎರಡು ನೇರ ಓಡುವಂಥದ್ದು. ತಿರುಗುವ ಎರಡೂ ಹಿಡಿಯ ಕಡೆ ಬರಲಿ, ಅವಕ್ಕೆ ಬ್ರೇಕ್ ಇರಲಿ. ಕಾಲಿಗೆ ಸಿಗುವ ಕಡೆ ಬ್ರೇಕ್ ಇದ್ದರೆ ಬಗ್ಗುವ ಕೆಲಸ ಇಲ್ಲ. ನಾಲ್ಕೂ ತಿರುಗುವಂಥದ್ದಾದರೆ ಗಾಡಿ ಹೇಳಿದ ಮಾತು ಕೇಳದೆ ಅಡ್ಡಾದಿಡ್ಡಿ ಹೋಗುತ್ತದೆ.

ಜೋಡಿಸುವುದು ಹೀಗೆ. ಎರಡು ರೀಪುಗಳನ್ನು ಮಲಗಿಸಿ ಎರಡೂ ತುದಿಯಲ್ಲಿ ನಾಲ್ಕು ಇಂಚಿನ ಅಡ್ಡಪಟ್ಟಿ, ಮಧ್ಯೆ ಮೂರನೆಯದು ಇಡಿ. ಮರೈನ್ ಫೆವಿಕಾಲ್ ಹಚ್ಚಿ, ಹೊರಗಿನಿಂದ ಮೂರೂವರೆ ಇಂಚಿನ ಸ್ಕ್ರೂ ಹಾಕಿ. 30 ಇಂಚಿನ ಪರೀಕ್ಷೆ ಈಗಲೇ ಮಾಡಿ, ಅಂಟು ಒಣಗಿದ ಮೇಲೆ ನೋಡಿ ಪ್ರಯೋಜನ ಇಲ್ಲ. ಆಮೇಲೆ ಹಲಗೆಗಳನ್ನು ಅಡ್ಡಡ್ಡ ಹಾಸಿ, ಸಂದಿಗೆ ಒಂದೇ ದಪ್ಪದ ತೆಳು ಮರದ ಚೂರು ಸಿಕ್ಕಿಸಿಕೊಂಡು, ಹಲಗೆಯ ಒಂದೊಂದು ತುದಿಗೆ ಎರಡೆರಡು ಸ್ಕ್ರೂ ಬಿಗಿಯಿರಿ. ಹಲಗೆಗೆ ಅಂಟು ಬೇಡ, ಅದು ಆಡಬೇಕು. ಹಲಸು, ಬೋಗಿಗೆ ನೇರ ಸ್ಕ್ರೂ ಹೊಡೆದರೆ ಒಂದೋ ಮರ ಸೀಳುತ್ತದೆ, ಇಲ್ಲ ಸ್ಕ್ರೂ ತಲೆ ಮುರಿಯುತ್ತದೆ. 8 ನಂಬರ್ ಸ್ಕ್ರೂಗೆ ಮೊದಲು 3 ಮಿಲಿಮೀಟರ್ ತೂತು ಕೊರೆದು, ಸ್ಕ್ರೂವನ್ನು ಮೇಣದಬತ್ತಿಗೆ ಒಮ್ಮೆ ಉಜ್ಜಿ ಹಾಕಿ.

ಸ್ಕ್ರೂ ಸುಲಭಕ್ಕೆ ತುಕ್ಕು ಹಿಡಿಯದ ಸ್ಟೀಲ್ 304 ಆಗಿರಲಿ. ಜಿಪ್ಸಮ್ ಬೋರ್ಡಿಗೆ ಬಳಸುವ ಕಪ್ಪು ಸ್ಕ್ರೂ ಎಲ್ಲ ಅಂಗಡಿಯಲ್ಲೂ ಮೊದಲು ಕೈಗೆ ಸಿಗುವುದು ಅದೇ, ಆದರೆ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಮಲ್ಪೆ, ಉಳ್ಳಾಲ, ಪಣಂಬೂರು ಹೀಗೆ ಸಮುದ್ರದ ಹತ್ತಿರ ಇರುವವರು ಇದರಲ್ಲಿ ಉಳಿತಾಯ ನೋಡಲೇಬೇಡಿ.

ಚಕ್ರಕ್ಕೆ ಸ್ಕ್ರೂ ಸಾಲದು, ಬೋಲ್ಟೇ ಬೇಕು. ಚಕ್ರದ ಪ್ಲೇಟನ್ನು ರೀಪು ಮತ್ತು ಅಡ್ಡಪಟ್ಟಿ ಕೂಡುವ ಜಾಗದಲ್ಲಿ ಇಟ್ಟು, ಒಂದೆರಡು ತೂತು ಇದಕ್ಕೆ, ಒಂದೆರಡು ಅದಕ್ಕೆ ಬರುವ ಹಾಗೆ ಗುರುತು ಹಾಕಿ. ದುಂಡು ತಲೆಯ ಬೋಲ್ಟನ್ನು ಮೇಲಿನ ಹಲಗೆಯಿಂದ ಇಳಿಸಿ, ಕೆಳಗೆ ಪ್ಲೇಟಿನ ಅಡಿಯಲ್ಲಿ ವಾಷರ್ ಮತ್ತು ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ, ಸಡಿಲವಾಗದ ನಟ್) ಬಿಗಿ ಮಾಡಿ. ಹಲಗೆ, ಚೌಕಟ್ಟು, ಚಕ್ರ ಮೂರೂ ಒಂದೇ ಆಗುತ್ತದೆ. ನೇರ ಓಡುವ ಎರಡು ಚಕ್ರ ಒಂದಕ್ಕೊಂದು ಸಮಾನಾಂತರ ಇರಬೇಕು, ಚೂರು ಓರೆಯಾದರೂ ಗಾಡಿ ಸದಾ ಒಂದು ಕಡೆಗೆ ಎಳೆಯುತ್ತದೆ. ಬಿಗಿಯುವ ಮೊದಲು ಪೆನ್ಸಿಲ್ ಗೆರೆ ಹಾಕಿ ನೋಡಿ. ಮೂರು ಇಂಚಿನ ಚಕ್ರ ಹಾಕಿದರೆ ಹಾಸು ನೆಲದಿಂದ ಆರು ಇಂಚಿನ ಆಸುಪಾಸು ಬರುತ್ತದೆ.

ಹಿಡಿಗೆ ಎರಡು ರೀಪು ನಿಲ್ಲಿಸಿ, ತುದಿಗೆ ಅಂಚು ಉರುಟು ಮಾಡಿದ ಅಡ್ಡಕೋಲು. ನೆಲದಿಂದ 34-36 ಇಂಚು ಎತ್ತರ, ಬಳಸುವವರ ಸೊಂಟ ನೋಡಿ ನಿರ್ಧರಿಸಿ. ನಿಂತ ರೀಪಿಗೆ ಬರೀ ಬುಡದಲ್ಲಿ ಬೋಲ್ಟ್ ಹಾಕಿದರೆ ನಾಲ್ಕು ಸಲ ತಳ್ಳುವಷ್ಟರಲ್ಲಿ ಅಲ್ಲಾಡುತ್ತದೆ. ಒಂದು ಅಡಿ ಮೇಲಿನಿಂದ ಗಾಡಿಯ ಪಕ್ಕಕ್ಕೆ ಓರೆಯಾಗಿ ಆನಿಕೆ ಕೊಡಿ. ತ್ರಿಕೋನವಾದರೆ ಅಲ್ಲಾಡುವ ಮಾತೇ ಇಲ್ಲ.

ಬಣ್ಣಕ್ಕಿಂತ ಮೊದಲು ಹಲಗೆಯ ಕತ್ತರಿಸಿದ ತುದಿಗಳನ್ನು ನೋಡಿ. ನೀರು ಒಳಗೆ ಹೋಗುವುದು ಜಾಸ್ತಿ ಅಲ್ಲಿಂದಲೇ, ಸ್ಪಂಜಿನ ಹಾಗೆ ಹೀರುತ್ತದೆ. 120, ಆಮೇಲೆ 180 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಮೊದಲ ಕೋಟ್ ಪಿಯು ವಾರ್ನಿಷನ್ನು ಥಿನ್ನರ್ ಸೇರಿಸಿ ತೆಳ್ಳಗೆ ಮಾಡಿ ತುದಿಗಳಿಗೆ ಕುಡಿಸಿ, ಕುಡಿಯುವುದು ನಿಲ್ಲುವ ತನಕ. ಮತ್ತೆ ಮಾಮೂಲಿ ಎರಡು ಕೋಟ್, ಅಡಿಭಾಗಕ್ಕೂ. ಅಗಸೆ ಎಣ್ಣೆ ಹಚ್ಚುವ ಸಲಹೆ ಬೇಕಾದಷ್ಟು ಕಾಣುತ್ತದೆ, ನಮ್ಮ ಹವೆಯಲ್ಲಿ ಅದಕ್ಕೆ ಬೂಷ್ಟು ಬರುತ್ತದೆ. ಹಿಂದಿನವರು ಪಕ್ಕಾಸು ರೀಪಿಗೆ ಹಚ್ಚುತ್ತಿದ್ದ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಒರಲೆಗೆ ಒಳ್ಳೆಯ ಮದ್ದು, ಆದರೆ ಚರ್ಮ ಸುಡುತ್ತದೆ, ಕೈ ತಾಗುವ ಗಾಡಿಗೆ ಬೇಡ.

ಹೊಸ್ತಿಲ ವಿಷಯ ಬಾಕಿ ಇದೆ. ಹಳೆಯ ಮನೆಯ ಮೂರು ನಾಲ್ಕು ಇಂಚಿನ ಹೊಸ್ತಿಲನ್ನು ಯಾವ ಚಕ್ರವೂ ಹತ್ತುವುದಿಲ್ಲ. ಅದಲ್ಲದೆ ಅರಿಶಿನ ಕುಂಕುಮ ಇಟ್ಟ ಹೊಸ್ತಿಲ ಮೇಲೆ ಗಾಲಿ ಹರಿಸುವುದು ಮನೆಯವರಿಗೆ ಸರಿ ಬರುವುದೂ ಇಲ್ಲ. ಎರಡೂವರೆ ಮೂರು ಅಡಿ ಉದ್ದದ ಎರಡು ಇಳಿಜಾರು ಹಲಗೆ ಮಾಡಿ, ನಡುವೆ ಸೇತುವೆಗೆ ಒಂದು ಚೂರು ಹಲಗೆ, ಹೊಸ್ತಿಲಿಗೆ ತಾಗದ ಹಾಗೆ. ಕೆಲಸ ಮುಗಿದ ಮೇಲೆ ತೆಗೆದು ಗೋಡೆಗೆ ಒರಗಿಸಿಡಬಹುದು.

ಸಿಲಿಂಡರ್ ತರುವವರಿಗೆ ನೇರ ಗಾಡಿಯ ಮೇಲೇ ಇಡಲು ಹೇಳಿ, ಆರು ಇಂಚು ಎತ್ತುವ ಕಷ್ಟವೂ ತಪ್ಪುತ್ತದೆ. ನೆಟ್ಟಗೆ ನಿಲ್ಲಿಸಿ, ಹಿಡಿಗೆ ಒಂದು ಬೆಲ್ಟ್ ಸುತ್ತಿ. ಒಲೆಗೆ ಜೋಡಿಸುವಾಗ ಗಾಡಿಯಿಂದ ಇಳಿಸಿ ಗಟ್ಟಿ ನೆಲದ ಮೇಲೆ ಇಡಿ, ಉರುಳುವ ವಸ್ತುವಿನ ಮೇಲೆ ಗ್ಯಾಸ್ ಉರಿಸಬಾರದು. ಆಗಾಗ ಚಕ್ರದ ಅಚ್ಚಿಗೆ ಸುತ್ತಿಕೊಂಡ ಕೂದಲು, ತೆಂಗಿನ ನಾರು ಬಿಡಿಸಿ, ಮೇ ಕೊನೆಗೆ ಒಂದು ಸಲ ನಟ್ಟು ಬಿಗಿ ಮಾಡಿ ಗ್ರೀಸ್ ಹಾಕಿ.